ಎರಡು ಸಲ ಕೇಳಿದ ಬಣ್ಣ

ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ನಾಲಿಗೆಯೂ ಬೇಕಾದಷ್ಟು ಚುರುಕಾಗಿತ್ತು. ಆದರೆ ಕಿವಿಯೊಳಗೆ ಹೋದ ಮಾತು ಉತ್ತರವಾಗಿ ನಾಲಿಗೆಗೆ ಬರಲು ಯಾವ ಸುತ್ತುದಾರಿ ಹಿಡಿಯುತ್ತಿತ್ತೋ, ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ ಬಂದರೆ ಬೇಗ ಬಂತು ಅಂತಲೇ ಲೆಕ್ಕ. ಮದುವೆಗೆ ಮುಂಚೆ ಮಾವ ಒಮ್ಮೆ ನಾನು ನಿನಗೆ ಒಪ್ಪಿಗೆಯೋ ಎಂದು ಕೇಳಿದ್ದರಂತೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂದು ಈಗಲೂ ಬಂದವರೆದುರು ಹೇಳಿಕೊಂಡು ನಗುತ್ತಿದ್ದರು. ಅತ್ತೆ ಆಗಲೂ ತುಟಿ ಪಿಟಕ್ಕೆನ್ನದೆ ಅವರ ಮುಂದೆ ಕಾಫಿ ಲೋಟ ಇಟ್ಟು ಹೋಗುತ್ತಿದ್ದರು.

ಸೊಸೆ ಇದಕ್ಕೆ ತದ್ವಿರುದ್ಧ. ಅವಳಿಗೆ ಪ್ರಶ್ನೆ ಬಾಯಿಂದ ಬೀಳುವ ಮುಂಚೆ ಉತ್ತರ ಬಂದುಬಿಡಬೇಕು. ಲಿಫ್ಟಿನ ಗುಂಡಿಯನ್ನು ಒಂದೇ ಸಲ ಒತ್ತಿ ಸುಮ್ಮನಿದ್ದ ಉದಾಹರಣೆ ಅವಳ ಜನ್ಮದಲ್ಲಿ ಇರಲಿಲ್ಲ. ಬಸ್ ಟಿಕೆಟು ಮಾರುವ ವೆಬ್‌ಸೈಟಿಗೆ ವರ್ಷಗಟ್ಟಲೆ ಪ್ರೋಗ್ರಾಂ ಬರೆದಿದ್ದಳು, ಆ ಆಫೀಸು ಈಚೆಗೆ ಬಾಗಿಲು ಹಾಕಿತ್ತು. ಅಂಥದ್ದೇ ಇನ್ನೊಂದು ಆಫೀಸು ಬಾ ಎಂದು ಕರೆದಿತ್ತು. ಬರುವುದೋ ಬಿಡುವುದೋ ಮುಂದಿನ ವಾರದ ಭಾನುವಾರ ಸಂಜೆಯೊಳಗೆ ತಿಳಿಸಿ ಎಂದಿದ್ದರು.

ಆದರೆ ಅವಳ ಮನಸ್ಸು ಅಂಟಿಕೊಂಡಿದ್ದು ಅತ್ತೆಯ ಬಣ್ಣದಂಗಡಿಗೆ. ಕೆಲಸವಿಲ್ಲದ ದಿನಗಳಲ್ಲಿ ಸುಮ್ಮನೆ ಹೋಗಿ ಕೂತವಳು ಅಲ್ಲೇ ಬೇರು ಬಿಟ್ಟಿದ್ದಳು. ಒಡೆದ ಗೋಡೆಯ ಚೂರನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಇದೇ ಬಣ್ಣ ಬೇಕು ಎನ್ನುವವರು, ಗಂಡಹೆಂಡಿರು ಶೇಡ್ ಕಾರ್ಡಿನ ಎರಡು ತುದಿ ಹಿಡಿದು ಜಗಳಾಡುವುದು, ಥಿನ್ನರಿನ ಘಾಟು, ಮುಚ್ಚಳ ಬಡಿಯುವ ಸದ್ದು, ಎಲ್ಲವೂ ಅವಳಿಗೆ ಹಿಡಿಸಿತ್ತು. ಟಿಕೆಟು ತೆಗೆದುಕೊಂಡವರ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಇಲ್ಲಿ ಬಣ್ಣ ಒಯ್ದವರು ಮರುವಾರ ಬಂದು ಗೋಡೆಯ ಸುದ್ದಿ ಹೇಳುತ್ತಿದ್ದರು.

ಹಾಗಾಗಿ ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಅತ್ತೆ, ನಾನೂ ಅಂಗಡೀಲೇ ಇದ್ದುಬಿಡ್ಲಾ? ಸುಮ್ನೆ ಸಹಾಯಕ್ಕಲ್ಲ. ನಿಮ್ಮ ಜೊತೆ ಕೆಲಸಕ್ಕೆ."

ಅತ್ತೆ ಒಂದು ಡಬ್ಬಿಗೆ ಮುಚ್ಚಳ ಬಡಿಯುತ್ತಿದ್ದರು. ಬಡಿದು ಮುಗಿಸಿದರು, ಅಂಚು ಒರೆಸಿದರು, ಚೀಟಿ ಅಂಟಿಸಿದರು, ಕಪಾಟಿಗೇರಿಸಿದರು. ಅಷ್ಟರಲ್ಲಿ ಬ್ರಷ್ ಕೇಳಿಕೊಂಡು ಯಾರೋ ಬಂದರು. ಸೊಸೆ ಮರುದಿನ ಇನ್ನೊಮ್ಮೆ ಕೇಳಿದಳು. ಅತ್ತೆ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಉಪ್ಪುಕಾಗದದ ಕಟ್ಟು ಬಿಚ್ಚತೊಡಗಿದರು. ಇದನ್ನು ಬೇಡ ಅಂದುಕೊಳ್ಳಬೇಕೋ, ನೋಡೋಣ ಅಂದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಗಂಡ ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವನು. ದಿನವಿಡೀ ಇದು ಕಾಣುತ್ತಾ, ಅದು ಕಾಣುತ್ತಾ ಎಂದು ಕೇಳಿ ಕೇಳಿ ಅವನಿಗೆ ತಾಳ್ಮೆ ಮೈಗೂಡಿತ್ತು. ಅಮ್ಮನಿಗೆ ಸಮಯ ಕೊಡು ಎಂದ. ಸಮಯ ಕೊಡಲು ನನ್ನ ಹತ್ತಿರ ಇದ್ದರೆ ತಾನೇ ಎಂದು ಇವಳು ಅವನ ಮೇಲೆ ಹರಿಹಾಯ್ದಳು.

ಇಂಥ ಹೊತ್ತಿನಲ್ಲೇ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣ ಬೆರೆಸುವ ಯಂತ್ರವಿತ್ತು. ಮೇಲೆ ಒಂದು ದುಂಡನೆಯ ತಟ್ಟೆ, ಅದರ ಸುತ್ತ ಡಬ್ಬಗಳು, ಒಂದೊಂದರಲ್ಲೂ ಒಂದೊಂದು ಗಟ್ಟಿ ಬಣ್ಣ. ಕೆಳಗೆ ಬಿಳಿ ಬಣ್ಣದ ಬಕೆಟ್ ಇಟ್ಟರೆ, ಪಕ್ಕದ ಕಂಪ್ಯೂಟರ್ ಹೇಳಿದಂತೆ ತಟ್ಟೆ ಗಿರ್ರನೆ ತಿರುಗಿ, ಬೇಕಾದ ಬಣ್ಣವನ್ನು ಬೇಕಾದಷ್ಟೇ ಸುರಿಯುತ್ತಿತ್ತು. ಆಮೇಲೆ ಮುಚ್ಚಳ ಬಿಗಿದು ಪಕ್ಕದ ಕುಲುಕುವ ಯಂತ್ರಕ್ಕೆ ಹಾಕಿದರೆ ಬಣ್ಣ ಸಿದ್ಧ. ಆ ಮುದಿ ಕಂಪ್ಯೂಟರ್ ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಯಂತ್ರ ಗಟ್ಟಿಮುಟ್ಟಾಗಿಯೇ ಇತ್ತು, ಅದಕ್ಕೆ ಅಪ್ಪಣೆ ಕೊಡುವವರು ಇಲ್ಲವಾದರು ಅಷ್ಟೆ. ಮಾರಿದವರಿಗೆ ಫೋನ್ ಮಾಡಿದರೆ, ಆ ಕಾಲದ ಪ್ರೋಗ್ರಾಂ ನಮ್ಮಲ್ಲೂ ಉಳಿದಿಲ್ಲ, ಗುಜರಿಗೆ ಹಾಕಿ ಹೊಸ ಯಂತ್ರ ಕೊಳ್ಳಿ ಎಂದು ಕೈತೊಳೆದುಕೊಂಡರು.

ಅತ್ತೆ ಆಗಷ್ಟೇ ಪಕ್ಕದ ಬೀದಿಯ ಶಾಲೆಯ ಹೆಡ್‌ಮೇಡಂಗೆ ಮಾತು ಕೊಟ್ಟಿದ್ದರು. ರಜೆ ಮುಗಿಯುವುದರೊಳಗೆ ಶಾಲೆಯ ಗೋಡೆಗಳಿಗೆಲ್ಲ ತಿಳಿಹಸಿರು, ಆರು ದೊಡ್ಡ ಬಕೆಟ್. ಕೈಯಲ್ಲಿ ಬೆರೆಸಿದರೆ ಒಂದು ಬಕೆಟಿನಂತೆ ಇನ್ನೊಂದು ಬರುವುದಿಲ್ಲ, ಅರ್ಧ ಗೋಡೆ ನಗುತ್ತದೆ, ಇನ್ನರ್ಧ ಅಳುತ್ತದೆ. ಅತ್ತೆ ಯಂತ್ರದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತದ್ದನ್ನು ಕಂಡ ಸೊಸೆ, ಇದನ್ನು ನಾನು ಮಾತಾಡಿಸುತ್ತೇನೆ ಎಂದಳು. ಅತ್ತೆ ಮುಂದಿನ ಕಟ್ಟೆಗೆ ಹೋದರು. ಆದರೆ ಅಂಗಡಿ ಮುಚ್ಚುವಾಗ ಅತ್ತೆ ಹಿಂದಿನ ಕೋಣೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟರು. ಸೊಸೆ ಅದರ ಅರ್ಥವನ್ನು ತನಗೆ ಬೇಕಾದಂತೆ ಮಾಡಿಕೊಂಡಳು. ಯಂತ್ರ ಬಾಯಿ ಬಿಟ್ಟರೆ ತನಗೆ ಅಂಗಡಿಯಲ್ಲಿ ಜಾಗ, ಇಲ್ಲದಿದ್ದರೆ ಮತ್ತೆ ಬಸ್ ಟಿಕೆಟು.

ಯಂತ್ರದ ಬೆನ್ನಿನಲ್ಲಿ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟ್ ಇತ್ತು. ಅಕ್ಷರಗಳು ಗುಂಪಾಗಿ ನುಗ್ಗದೆ ಒಂದರ ಹಿಂದೊಂದು ಸಾಲಾಗಿ ಹೋಗಿಬರುವ ಹಳೇ ಕಾಲದ ದಾರಿ ಅದು. ಅವಳ ಲ್ಯಾಪ್‌ಟಾಪಿಗೆ ಅಂಥ ಕಿಂಡಿಯೇ ಇರಲಿಲ್ಲ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವನು ಧೂಳು ಕೊಡವಿ ಒಂದು ಕೇಬಲನ್ನೂ ಜೋಡಿಸುವ ಒಂದು ತುಂಡನ್ನೂ ಹುಡುಕಿಕೊಟ್ಟ. ಸಿಕ್ಕಿಸಿ, ಅಪ್ಪಣೆ ಕಳಿಸಿ, ಅವಳು ಕಾದಳು. ಯಂತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹುಡುಕಿ ಸುಸ್ತಾದ ಮೇಲೆ ಗೊತ್ತಾಯಿತು, ತಪ್ಪಿದ್ದದ್ದು ಕೇಬಲಿನಲ್ಲಿ. ಅದು ಇವಳ ಬಾಯನ್ನು ಯಂತ್ರದ ಬಾಯಿಗೂ ಇವಳ ಕಿವಿಯನ್ನು ಯಂತ್ರದ ಕಿವಿಗೂ ಕಟ್ಟಿಹಾಕಿತ್ತು. ಇಬ್ಬರೂ ಮಾತಾಡುತ್ತಿದ್ದರು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅದನ್ನು ಕೇಳಿ ಮಾವ ಅಂಥ ಮನೆಗಳು ತನಗೆ ಬಹಳ ಗೊತ್ತು ಎಂದರು.

ತಂತಿ ಅದಲುಬದಲು ಮಾಡಿದ ಮೇಲೆ ಯಂತ್ರ ಬಾಯಿಬಿಟ್ಟಿತು, ಆದರೆ ಬಂದದ್ದೆಲ್ಲ ತಲೆಬುಡವಿಲ್ಲದ ಚಿಹ್ನೆಗಳು. ಎರಡೂ ಕಡೆಯವರು ಒಂದೇ ವೇಗದಲ್ಲಿ ಮಾತಾಡದಿದ್ದರೆ ಹೀಗಾಗುತ್ತದೆ. ಇವಳದು ಬಿರುಸು, ಅದರದು ನಿಧಾನ. ಅವಳು ವೇಗವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದಳು, ಇಷ್ಟು ನಿಧಾನಕ್ಕೆ ಯಾರಾದರೂ ಮಾತಾಡುತ್ತಾರೆಯೇ ಎಂದು ಗೊಣಗುತ್ತ ಇನ್ನೂ ಇಳಿಸಿದಳು. ಕೊನೆಗೆ ಪರದೆಯ ಮೇಲೆ ಯಂತ್ರದ ಹೆಸರು, ಅದು ಹುಟ್ಟಿದ ವರ್ಷ, ಎಲ್ಲವೂ ಸ್ಪಷ್ಟವಾಗಿ ಮೂಡಿದವು. ಅವಳು ಕುರ್ಚಿಯಿಂದ ಎಗರಿದ ರಭಸಕ್ಕೆ ಥಿನ್ನರಿನ ಬಾಟಲಿ ಉರುಳಿತು.

ಯಾವ ಅಪ್ಪಣೆಗೆ ಯಾವ ಅಕ್ಷರ ಎಂಬುದನ್ನು, ಇಂಥದೇ ಯಂತ್ರವನ್ನು ಸಾಕಿಕೊಂಡಿದ್ದ ಯಾರೋ ಪುಣ್ಯಾತ್ಮ ಇಂಟರ್‌ನೆಟ್ಟಿನಲ್ಲಿ ಬರೆದಿಟ್ಟಿದ್ದ. ಯಾವ ಶೇಡಿಗೆ ಯಾವ ಬಣ್ಣ ಎಷ್ಟು ಎಂಬ ಲೆಕ್ಕ ಅತ್ತೆಯ ಹಳೇ ಪುಸ್ತಕದಲ್ಲಿತ್ತು. ಇಂಥ ಡಬ್ಬದಿಂದ ಇಷ್ಟು ಸುರಿ ಎಂದರೆ ಯಂತ್ರ ಸುರಿಯುತ್ತಿತ್ತು. ಸುರಿದು ಮುಗಿದ ಮೇಲೆ 'ಆಯಿತು' ಎಂಬರ್ಥದ ಎರಡಕ್ಷರ ಕಳಿಸುತ್ತಿತ್ತು. ಉತ್ತರ ಬರದಿದ್ದರೆ ಏನು ಗತಿ ಎಂದು ಸೊಸೆ ಯೋಚಿಸಿದಳು. ಅಪ್ಪಣೆ ದಾರಿಯಲ್ಲೇ ಕಳೆದುಹೋಗಿರಬಹುದು. ಹಳೇ ಆಫೀಸಿನಲ್ಲಿ ಇದಕ್ಕೊಂದು ರೂಢಿಯಿತ್ತು. ಬಸ್ಸಿನಲ್ಲಿ ಸೀಟು ಖಾಲಿ ಇದೆಯೇ ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, ಉತ್ತರವಿಲ್ಲದಿದ್ದರೆ ಇನ್ನೊಮ್ಮೆ ಕೇಳುವುದು. ಕೇಳಿದ್ದನ್ನೇ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಅದೇ ರೂಢಿಯನ್ನು ಅವಳು ಕಣ್ಣು ಮುಚ್ಚಿಕೊಂಡು ಇಲ್ಲಿಗೂ ತಂದಳು, ಉತ್ತರ ತಡವಾದರೆ ಅದೇ ಅಪ್ಪಣೆಯನ್ನು ಇನ್ನೊಂದು ಸಲ ಕಳಿಸುವಂತೆ ಬರೆದಳು.

ಮೊದಲ ಪರೀಕ್ಷೆ ಒಂದು ಪುಟ್ಟ ಡಬ್ಬಿಯಲ್ಲಿ ನಡೆಯಿತು. ಆ ಅಂಗಡಿಯಲ್ಲಿ ಒಂದು ಪದ್ಧತಿ. ಬೆರೆಸಿದ ಬಣ್ಣದ ಒಂದು ಹನಿಯನ್ನು ಮುಚ್ಚಳಕ್ಕೆ ಹಚ್ಚಿ, ಆರಲು ಬಿಟ್ಟು, ಶೇಡ್ ಕಾರ್ಡಿನ ಪಕ್ಕ ಹಿಡಿದು ನೋಡಿದ ಮೇಲೆಯೇ ಗಿರಾಕಿಯ ಕೈಗೆ. ಸೊಸೆ ಹಚ್ಚಿದ ಹನಿ ಆರಿದಾಗ ಕಾರ್ಡಿನ ಬಣ್ಣಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಮುಂದಿನ ಕಟ್ಟೆಗೆ ಹೋದರು. ಅಷ್ಟಕ್ಕೇ ಸೊಸೆಗೆ ಕೊಂಬು ಮೂಡಿತು. ಗಂಡನಿಗೆ ಫೋನ್ ಮಾಡಿ, ಯಾರದೋ ಕಣ್ಣು ಪರೀಕ್ಷೆ ನಡುವೆ ಅವನನ್ನು ನಿಲ್ಲಿಸಿ, ಇಡೀ ಕಥೆ ಹೇಳಿದಳು.

ಮರುದಿನ ಶಾಲೆಯ ಆರು ಬಕೆಟ್. ಪೇಂಟರ್ ಮೇಸ್ತ್ರಿ ಬೆಳಿಗ್ಗೆಯೇ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿ ಗಡಿಬಿಡಿ ಹಚ್ಚಿದ್ದ. ಸೊಸೆ ಒಂದೊಂದೇ ಬಕೆಟ್ ಇಟ್ಟು ಅಪ್ಪಣೆ ಕೊಟ್ಟಳು. ಮೊದಲು ಹಸಿರು ಧಾರೆಯಾಗಿ ಇಳಿಯಿತು, ಆಮೇಲೆ ಚೂರೇ ಚೂರು ಹಳದಿ. ಪರದೆಯ ಮೇಲೆ ಮುಗಿಯಿತು ಎಂದು ಬಂದಮೇಲೂ ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟುತ್ತಿತ್ತು. ವಯಸ್ಸಾಗಿದೆ ಪಾಪ ಎಂದುಕೊಂಡು ಅವಳು ಅದು ನಿಲ್ಲುವವರೆಗೂ ಕಾದು ಬಕೆಟ್ ಎತ್ತಿದಳು. ಮುಚ್ಚಳ ಬಿಗಿದು ಕುಲುಕಿದ ಬಕೆಟನ್ನು ಮತ್ತೆ ಬಿಚ್ಚಿ ಹನಿ ಹಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ. ಲೆಕ್ಕ ಅದೇ, ಪ್ರೋಗ್ರಾಂ ಅದೇ, ಪುಟ್ಟ ಡಬ್ಬಿಯಲ್ಲಿ ಸರಿ ಬಂದದ್ದು ದೊಡ್ಡದರಲ್ಲಿ ತಪ್ಪುವುದಾದರೂ ಹೇಗೆ? ಗಾಡಿ ಹೊರಟಿತು. ಸೊಸೆ ಕೈ ತೊಳೆದು, ಅತ್ತೆಯ ಪಕ್ಕದಲ್ಲಿ, ಇನ್ನೇನು ಮಾಲೀಕಳೇ ಆದಂತೆ ಕೂತಳು.

ಊಟದ ಹೊತ್ತಿಗೆ ಮೇಸ್ತ್ರಿ ವಾಪಸು ಬಂದ. ಕೈಯಲ್ಲಿ ಬಣ್ಣ ಬಳಿದ ಒಂದು ಹಲಗೆ ತುಂಡು. ಅದನ್ನು ಕಟ್ಟೆಯ ಮೇಲಿಟ್ಟು, ತಲೆ ಕೆರೆದುಕೊಂಡು, ಇದಕ್ಕೆ ಏನಂತ ಹೆಸರು ಅಮ್ಮಾವ್ರೇ ಎಂದು ಕೇಳಿದ. ಅದು ತಿಳಿಹಸಿರೂ ಆಗಿರಲಿಲ್ಲ, ಗಿಳಿಹಸಿರೂ ಆಗಿರಲಿಲ್ಲ. ವರ್ಷಗಟ್ಟಲೆ ಯಾರೂ ಇಳಿಯದ ಕೊಳದ ಬಣ್ಣವಾಗಿತ್ತು. ಒಂದು ಗೋಡೆ ಪೂರ್ತಿ ಬಳಿದಾಗಿದೆ, ಒದ್ದೆ ಇರುವಾಗ ಹೀಗೆ ಕಾಣುತ್ತದೆ, ಆರಿದರೆ ತಿಳಿಯಾಗುತ್ತದೆ ಅಂದುಕೊಂಡೆ, ಆರಿದ ಮೇಲೆ ಇನ್ನೂ ಗಾಢವಾಯಿತು ಎಂದ. ಹೆಡ್‌ಮೇಡಂ ನೋಡಿ, ನಮ್ಮ ಮಕ್ಕಳಿಗೆ ಈಜು ಬರುವುದಿಲ್ಲ ಎಂದರಂತೆ.

 ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಸೊಸೆಗೆ. ಅತ್ತೆ ಹಲಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು, ಮೂಸಿದರು, ಶೇಡ್ ಕಾರ್ಡಿನ ಪಕ್ಕ ಹಿಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಸ್ತ್ರಿಗೆ ಬಕೆಟುಗಳನ್ನೆಲ್ಲ ವಾಪಸು ತರಲು ಹೇಳಿ, ತಾವೇ ಶಾಲೆಗೆ ಹೋಗಿ ಹೆಡ್‌ಮೇಡಂ ಜೊತೆ ಮಾತಾಡಿ ಬರಲೆಂದು ಚಪ್ಪಲಿ ಮೆಟ್ಟಿಕೊಂಡರು. ಕೊಟ್ಟ ಮಾತಿಗೆ ಒಂದು ದಿನವೂ ತಪ್ಪದ ಹೆಂಗಸು ತನ್ನ ದೆಸೆಯಿಂದ ತಲೆ ತಗ್ಗಿಸಲು ಹೊರಟದ್ದನ್ನು ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು.

ಪ್ರೋಗ್ರಾಂ ತಾನು ಕಳಿಸಿದ ಅಪ್ಪಣೆಗಳನ್ನೂ ಬಂದ ಉತ್ತರಗಳನ್ನೂ ಪರದೆಯ ಮೇಲೆ ಸಾಲುಸಾಲಾಗಿ ತೋರಿಸುತ್ತಿತ್ತು. ನಿನ್ನೆಯ ಪುಟ್ಟ ಡಬ್ಬಿಯದು ಸರಿಯಾಗಿಯೇ ಇತ್ತು. ಹಸಿರು ಸುರಿ, ಆಯಿತು. ಹಳದಿ ಸುರಿ, ಆಯಿತು. ಇವತ್ತಿನ ಬಕೆಟಿಗೆ ಬಂದಳು. ಹಸಿರು ಸುರಿ. ಉತ್ತರವಿಲ್ಲ. ಹಸಿರು ಸುರಿ. ಆಯಿತು. ಅವಳು ಆ ಎರಡು ಸಾಲುಗಳನ್ನು ನೋಡುತ್ತ ಕೂತಳು. ಆರೂ ಬಕೆಟಿನಲ್ಲಿ ಅದೇ ಹಾಡು. ಪುಟ್ಟ ಡಬ್ಬಿಗೆ ಬೇಕಾದದ್ದು ಒಂದು ತೊಟ್ಟು ಹಸಿರು, ಯಂತ್ರ ತಟ್ಟನೆ ಸುರಿದು ತಟ್ಟನೆ ಉತ್ತರ ಕೊಟ್ಟಿತ್ತು. ದೊಡ್ಡ ಬಕೆಟಿಗೆ ಬಹಳ ಹೊತ್ತು ಸುರಿಯಬೇಕು. ಅದು ಮೈಬಗ್ಗಿಸಿ ಸುರಿಯುತ್ತಿರುವಾಗಲೇ ಇವಳ ಪ್ರೋಗ್ರಾಮಿಗೆ ತಾಳ್ಮೆ ತಪ್ಪಿ ಇನ್ನೊಮ್ಮೆ ಸುರಿ ಎಂದಿತ್ತು. ವಿಧೇಯ ಯಂತ್ರ ಮೊದಲನೆಯದನ್ನು ಮುಗಿಸಿ ಎರಡನೆಯದನ್ನೂ ಸುರಿದಿತ್ತು. ಸೀಟು ಖಾಲಿಯಿದೆಯೇ ಎಂದು ನೂರು ಸಲ ಕೇಳಬಹುದು, ಸುರಿ ಎಂದು ಎರಡು ಸಲ ಹೇಳಿದರೆ ಎರಡು ಸಲ ಬೀಳುತ್ತದೆ. ಇಷ್ಟು ಸರಳ ಸಂಗತಿ ಹೊಳೆಯದ ತನ್ನ ತಲೆಗೆ ಅವಳು ತಾನೇ ಒಂದು ಮೊಟಕಿಕೊಂಡಳು.

ಅತ್ತೆ ಬಂದಾಗ ಬಕೆಟುಗಳೂ ಬಂದಿದ್ದವು. ಸೊಸೆ ಒಂದೂ ಬಿಡದೆ ಎಲ್ಲ ಹೇಳಿದಳು, ಹನಿ ಹಚ್ಚಿ ನೋಡದೆ ಕಳಿಸಿದ್ದನ್ನೂ ಸೇರಿಸಿ. ಹಸಿರು ಮಾತ್ರ ಎರಡು ಸಲ ಬಿದ್ದಿದೆ, ಹಳದಿ ಒಂದು ತೊಟ್ಟಷ್ಟೇ ಆದ್ದರಿಂದ ಅದಕ್ಕೆ ತಡವಾಗಲಿಲ್ಲ, ಒಂದೇ ಸಲ ಬಿದ್ದಿದೆ, ಅದಕ್ಕೇ ಬಣ್ಣ ಗಾಢವಾಗಿದ್ದಷ್ಟೇ ಅಲ್ಲ, ವಿಕಾರವೂ ಆಗಿದೆ ಎಂದಳು. ಅತ್ತೆ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಯಂತ್ರದ ಕಡೆ ನೋಡಿದರು. ಅವರ ದನಿಯಲ್ಲಿ ಇದ್ದದ್ದು ಕೋಪವಲ್ಲ, ನೆಂಟರ ಪರ ವಹಿಸಿದಂಥ ಒಂದು ಕಕ್ಕುಲಾತಿ.

"ಪಾಪ, ಅದು ಕೆಲಸ ಮಾಡ್ತಾ ಇತ್ತಲ್ಲಮ್ಮ. ಮುಗಿಸಿ ಬಾಯಿ ಬಿಡೋಕೆ ಪುರುಸೊತ್ತು ಬೇಡ್ವಾ?"

ಸೊಸೆ ಹೂಂ ಎಂದಳು. ಹೂಂ ಎಂದವಳು ಹಾಗೇ ಅತ್ತೆಯ ಮುಖ ನೋಡಿದಳು. ಅತ್ತೆ ಆಗಲೇ ಎದ್ದು ಬಿಳಿ ಬಣ್ಣದ ಬಕೆಟುಗಳನ್ನು ಎಳೆಯತೊಡಗಿದ್ದರು. ಹಸಿರು ಸರಿಯಾಗಿ ಎರಡರಷ್ಟು ಎಂಬುದು ಖಂಡಿತ ತಾನೇ ಎಂದು ಕೇಳಿದರು. ಖಂಡಿತ ಎಂದಳು ಸೊಸೆ. ಹಾಗಾದರೆ ಸುಲಭ ಎಂದರು ಅತ್ತೆ. ಪ್ರತಿ ಬಕೆಟಿಗೆ ಬಿಟ್ಟುಹೋದ ಹಳದಿಯನ್ನು ಕೊಟ್ಟು, ಅಷ್ಟೇ ಬಿಳಿ ಸೇರಿಸಿದರೆ ಒಂದು ಬಕೆಟ್ ಎರಡಾಗುತ್ತದೆ, ಬಣ್ಣ ತನ್ನ ಜಾಗಕ್ಕೆ ಬರುತ್ತದೆ. ಎಷ್ಟು ಹೆಚ್ಚಾಗಿದೆ ಎಂದು ತಿಳಿಯದೆ ಇದ್ದಿದ್ದರೆ ಅತ್ತೆ ಒಂದು ವಾರ ಹನಿ ಹಚ್ಚುತ್ತ ಕೂರಬೇಕಿತ್ತು. ಬಿಳಿ ಬೆರೆಸುವ ಉಪಾಯ ಸೊಸೆಗೆ ಹೊಳೆಯುವ ಹೊತ್ತಿಗೆ ರಜೆಯೇ ಮುಗಿದಿರುತ್ತಿತ್ತು. ಇಬ್ಬರೂ ಸೇರಿದ್ದಕ್ಕೆ ಮಧ್ಯಾಹ್ನವೇ ಕೆಲಸ ಶುರುವಾಯಿತು.

ಸೊಸೆ ಮೊದಲು ಪ್ರೋಗ್ರಾಂ ತಿದ್ದಿದಳು. ಒಂದೇ ಸಲ ಹೇಳುವುದು, ಆಮೇಲೆ ಉತ್ತರ ಬರುವವರೆಗೆ ತೆಪ್ಪಗೆ ಕಾಯುವುದು. ಎಲ್ಲಾದರೂ ಬಹಳವೇ ತಡವಾಯಿತು ಅನ್ನಿಸಿದರೆ, ಇನ್ನೊಮ್ಮೆ ಸುರಿ ಎನ್ನುವ ಬದಲು, ಏನು ಮಾಡುತ್ತಿದ್ದೀಯ ಎಂದು ವಿಚಾರಿಸುವುದು. ಅದಕ್ಕೂ ಆ ಪುಣ್ಯಾತ್ಮನ ಬರಹದಲ್ಲಿ ಒಂದು ಅಕ್ಷರವಿತ್ತು, ಅವಳೇ ಅವಸರದಲ್ಲಿ ದಾಟಿಸಿ ಓದಿದ್ದಳು. ಹಳದಿ ಬಿತ್ತು, ಬಿಳಿ ಬಿತ್ತು, ಕುಲುಕುವ ಯಂತ್ರ ಒಂದೇ ಸಮನೆ ಕುಲುಕಿತು. ಈ ಸಲ ಪ್ರತಿಯೊಂದು ಬಕೆಟಿನ ಹನಿಯೂ ಮುಚ್ಚಳದ ಮೇಲೆ ಆರಿತು, ಪ್ರತಿಯೊಂದನ್ನೂ ಅತ್ತೆ ಸೊಸೆ ಇಬ್ಬರೂ ಬೆಳಕಿಗೆ ಹಿಡಿದರು. ಮೈಕೈಯೆಲ್ಲ ಹಸಿರಾಗಿ, ಸೊಸೆಯ ಮೂಗಿನ ತುದಿಯೂ ಹಸಿರಾಗಿ, ಮೇಸ್ತ್ರಿ ಅದನ್ನು ನೋಡಿ ನಕ್ಕ, ಅತ್ತೆಯೂ ನಕ್ಕುಬಿಟ್ಟರು. ಶಾಲೆಯ ಆ ಕೊಳದ ಬಣ್ಣದ ಗೋಡೆಗೆ ಬಿಳಿ ಬಳಿದು ಮೇಲೆ ತಿಳಿಹಸಿರು ಹಚ್ಚಿದರು. ಹೆಡ್‌ಮೇಡಂ ಗೋಡೆಗಳನ್ನೆಲ್ಲ ಸುತ್ತಿ ನೋಡಿ, ಮಿಕ್ಕಿದ್ದರೆ ಒಂದು ಬಕೆಟ್ ಕಾಂಪೌಂಡಿಗೂ ಇರಲಿ ಎಂದರು. ಮಿಕ್ಕದ್ದಕ್ಕೇನು ಬರವೇ? ಆರು ಹೋಗಿ ಹತ್ತಿರ ಹತ್ತಿರ ಹನ್ನೆರಡಾಗಿದ್ದವು. ಒಂದನ್ನು ಮೇಸ್ತ್ರಿ ತನ್ನ ಮನೆಗೆ ಒಯ್ದ.

ಶಾಲೆಯ ಕೆಲಸವೇನೋ ಸುಖವಾಗಿ ಮುಗಿಯಿತು. ಸೊಸೆಯ ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು. ಭಾನುವಾರ ಬಂತು. ಇಷ್ಟು ದೊಡ್ಡ ಎಡವಟ್ಟು ಮಾಡಿದವಳಿಗೆ ಅಂಗಡಿಯಲ್ಲಿ ಜಾಗ ಕೊಡಿ ಎಂದು ಯಾವ ಮುಖ ಹೊತ್ತು ಕೇಳುವುದು? ಕೇಳಿದರೂ ಅದು ಮೂರನೆಯ ಸಲವಾಗುತ್ತದೆ. ಇನ್ನು ಕೇಳಬಾರದು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು. ಬೇಕಾದರೆ ನಾನು ಕೇಳುತ್ತೇನೆ ಎಂದು ಎದ್ದ ಗಂಡನನ್ನು ಅಂಗಿ ಹಿಡಿದು ಕೂರಿಸಿದಳು. ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು. ಆಫೀಸಿನವರಿಗೆ ಬರುತ್ತೇನೆ ಎಂದು ಫೋನಿನಲ್ಲಿ ಬರೆದಿಟ್ಟು, ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು, ತೆಗೆದು, ಮತ್ತೆ ಇಟ್ಟಳು. ಗುಂಡಿ ಕಂಡರೆ ಒತ್ತದೆ ಬಿಡದವಳು ಅವಳು. ಆವತ್ತು ಮಾತ್ರ ಒತ್ತಲು ಬೆರಳೇ ಬಗ್ಗಲಿಲ್ಲ. ಅಷ್ಟು ಬೇಕಾಗಿತ್ತು ಅವಳಿಗೆ ಆ ಅಂಗಡಿ.

ಆಗ ಅತ್ತೆ ಅಂಗಡಿಯಿಂದ ಫೋನ್ ಮಾಡಿ, ಗಂಡನನ್ನೂ ಕರೆದುಕೊಂಡು ಬೇಗ ಬಾ, ಎತ್ತುವುದು ಇದೆ ಎಂದರು. ಭಾನುವಾರ ಅಂಗಡಿ ತೆರೆದದ್ದೇ ಇಲ್ಲ. ಹೋಗಿ ನೋಡಿದರೆ ಬಾಗಿಲಲ್ಲಿ ಒಂದು ಗಾಡಿ, ಗಾಡಿಯಲ್ಲಿ ಬಡಗಿ, ಬಡಗಿಯ ಪಕ್ಕ ಒಂದು ದೊಡ್ಡ ಮೇಜು, ಎರಡು ಕುರ್ಚಿ. ಎಲ್ಲರೂ ಸೇರಿ ಮೇಜನ್ನು ಹಿಂದಿನ ಕೋಣೆಗೆ ಹೊತ್ತರು. ಅಲ್ಲಿ ಯಂತ್ರದ ಎದುರಿನ ಗೋಡೆಗೆ ತಿಳಿಹಸಿರು ಬಳಿದಿತ್ತು, ಆಗತಾನೆ ಆರಿತ್ತು. ಮೇಜು ಯಂತ್ರದ ಪಕ್ಕ ಕೂತಿತು, ಲ್ಯಾಪ್‌ಟಾಪಿನ ತಂತಿ ಎಟುಕುವಷ್ಟು ಹತ್ತಿರದಲ್ಲಿ. ಬಡಗಿ ಹೊರಟುಹೋದ. ಗಂಡನಿಗೆ ಏನೋ ಅರ್ಥವಾದಂತಾಗಿ, ಮುಂದಿನ ಕಟ್ಟೆಯ ಕಡೆ ಜಾರಿಕೊಂಡ.

ಸೊಸೆ ಮೇಜಿನ ಅಂಚನ್ನು ಮುಟ್ಟಿ ನೋಡಿದಳು.

"ಇದು ನನಗಾ, ಅತ್ತೆ?"

ಅತ್ತೆ ಒದ್ದೆ ಬಟ್ಟೆ ಹಿಡಿದು ಮೇಜು ಒರೆಸುತ್ತಿದ್ದರು. ಮೇಲ್ಭಾಗ ಒರೆಸಿದರು. ಅಂಚು ಒರೆಸಿದರು. ಬಗ್ಗಿ ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಡ್ರಾಯರ್ ಎಳೆದು ಅದರೊಳಗಿನ ಮರದ ಪುಡಿ ತೆಗೆದರು. ಸೊಸೆಯ ಗಂಟಲಲ್ಲಿ ಅದೇ ಪ್ರಶ್ನೆ ಇನ್ನೊಮ್ಮೆ ಎದ್ದು ಬಂದು ತುದಿನಾಲಿಗೆಯ ಮೇಲೆ ಕೂತಿತು. ಅವಳು ಹಲ್ಲು ಕಚ್ಚಿ ಅದನ್ನು ಒಳಗೇ ಹಿಡಿದುಕೊಂಡಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಅತ್ತೆ ಕುರ್ಚಿಗಳನ್ನೂ ಒರೆಸಿದರು, ಬಟ್ಟೆ ಹಿಂಡಿ ಕಿಟಕಿಗೆ ಹರವಿದರು, ಸೆರಗಿಗೆ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದರು.

"ನೀನು ಕೇಳಿದ್ದು ನನಗೆ ಮೊದಲನೇ ಸಲಕ್ಕೇ ಕೇಳಿಸಿತ್ತು ಕಣೇ. ಅವತ್ತೇ ಬಡಗಿಗೆ ಹೇಳಿದೆ. ಕೂರೋಕೆ ಜಾಗ ಇಲ್ಲದೆ ಬಾ ಅಂತ ಹೇಗೆ ಅನ್ನಲಿ? ಅವನು ಇವತ್ತು ತಂದ."

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತಾನು ಎಡವಟ್ಟು ಮಾಡುವ ಮುಂಚೆಯೇ, ಯಂತ್ರದ ಕಂಪ್ಯೂಟರ್ ಕೆಡುವ ಮುಂಚೆಯೇ ತನಗೆ ಒಂದು ಮೇಜು ಸಿದ್ಧವಾಗುತ್ತಿತ್ತು, ಅವಳು ಮಾತ್ರ ದಿನಕ್ಕೊಂದು ಅರ್ಥ ಕಟ್ಟಿಕೊಂಡು ಬೇಯುತ್ತಿದ್ದಳು. ಮೂಗೊರೆಸಿಕೊಂಡು, ಕುರ್ಚಿ ಯಾಕೆ ಎರಡು ಎಂದು ಕೇಳಿದಳು. ಈ ಸಲ ಉತ್ತರ ಥಟ್ಟನೆ ಬಂತು.

"ನೀನು ಎರಡು ಸಲ ಕೇಳಿದೆಯಲ್ಲ."

ಹೇಳಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಒಂದು ಕುರ್ಚಿ ಎಳೆದು ಕೂತು, ಕನ್ನಡಕ ಹಾಕಿಕೊಂಡು, ಒಂದು ನಿನಗೆ, ಒಂದು ನನಗೆ, ಆ ಯಂತ್ರವನ್ನು ಹೇಗೆ ಮಾತಾಡಿಸುವುದೆಂದು ನನಗೂ ಹೇಳಿಕೊಡು ಎಂದರು. ಇಷ್ಟು ವರ್ಷ ಅದರ ಜೊತೆ ಬಾಳ್ವೆ ಮಾಡಿಯೂ ಅದು ಏನು ಹೇಳುತ್ತದೆಂದು ಒಂದು ದಿನವೂ ಕೇಳಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ನಾಚಿಕೆಯಿತ್ತು. ಸೊಸೆ ಫೋನ್ ತೆಗೆದು, ಬರೆದಿಟ್ಟದ್ದನ್ನು ಅಳಿಸಿ, ಬರುವುದಿಲ್ಲ, ಮನೆಯಲ್ಲೇ ಕೆಲಸ ಸಿಕ್ಕಿದೆ ಎಂದು ಬರೆದು, ಗುಂಡಿಯನ್ನು ಒಂದೇ ಒಂದು ಸಲ ಒತ್ತಿದಳು. ಆಮೇಲೆ ಒಂದು ಪುಟ್ಟ ಡಬ್ಬಿ ತಂದು ಯಂತ್ರದ ಕೆಳಗಿಟ್ಟು, ಯಾವ ಅಕ್ಷರ ಒತ್ತಬೇಕೆಂದು ತೋರಿಸಿದಳು. ಅತ್ತೆ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ತಟ್ಟೆ ತಿರುಗಿತು, ನೀಲಿ ಇಳಿಯಿತು. ಇಬ್ಬರೂ ಪರದೆ ನೋಡುತ್ತ, ಒಬ್ಬರಿಗೊಬ್ಬರು ಅಂಟಿಕೊಂಡು ಕೂತು ಕಾದರು.